ವ್ಯೂಫೈಂಡರ್‌ಗೆ ಏನು, ಹಿಂಬದಿ ಸ್ಕ್ರೀನ್‌ಗೆ ಏನು? ಮಲೆನಾಡಿನ ಮಳೆಗೂ ಕಾನಿಗೂ ಹೊಂದುವ ಕ್ಯಾಮೆರಾ ಸೆಟ್ಟಿಂಗ್‌ಗಳ ಹೋಲಿಕೆ

ಪುಷ್ಯ ಮಳೆ ಹಿಡಿದಾಗ ಮಂಡಗದ್ದೆಯ ವೀಕ್ಷಣಾ ಗೋಪುರ ಹತ್ತಿ ನಿಂತರೆ, ಅಂಗಡಿಯಿಂದ ತಂದ ಹಾಗೆಯೇ ಇಟ್ಟುಕೊಂಡ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಮೂರು ರೀತಿಯಲ್ಲಿ ಕೈಕೊಡುತ್ತದೆ. ಹಿಂಬದಿ ಸ್ಕ್ರೀನ್ ಮೇಲೆ ಬಿದ್ದ ಹನಿಯನ್ನೇ ಬೆರಳೆಂದು ತಿಳಿದು ಫೋಕಸ್ ಚೌಕ ಮೂಲೆಗೆ ಓಡುತ್ತದೆ. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಅದರ ಪಕ್ಕದ ಕಣ್ಣಿನ ಸೆನ್ಸರ್ ಮೇಲೆ ನೀರು ಕೂತು, ಯಾರೂ ಕಣ್ಣಿಡದಿದ್ದರೂ ಹಿಂಬದಿ ಸ್ಕ್ರೀನ್ ಆರಿಹೋಗುತ್ತದೆ. ಮೂರನೆಯದು ಮನೆಗೆ ಬಂದ ಮೇಲೆ ಗೊತ್ತಾಗುವಂಥದ್ದು: ಮೋಡದ ಮಬ್ಬಿನಲ್ಲಿ ಸ್ಕ್ರೀನ್ ಫಳಫಳ ಹೊಳೆದು ಚಿತ್ರಕ್ಕೆ ಬೆಳಕು ಸಾಕಷ್ಟಿದೆ ಎನಿಸಿರುತ್ತದೆ, ಕಂಪ್ಯೂಟರ್‌ನಲ್ಲಿ ತೆರೆದರೆ ಎಲ್ಲ ಕಪ್ಪು. ಇದ್ಯಾವುದೂ ಕ್ಯಾಮೆರಾ ಕೆಟ್ಟದ್ದಲ್ಲ. ಮೆನುವಿನಲ್ಲಿ ನಾವು ಆರಿಸದೆ ಬಿಟ್ಟದ್ದನ್ನು ಕಂಪನಿ ತನಗೆ ತೋಚಿದಂತೆ ಆರಿಸಿದೆ, ಅಷ್ಟೆ.

ಬಹಳ ಜನ ಎರಡು ಪರದೆಗಳೂ ಒಂದೇ ಥರ ಕಾಣಲಿ ಎಂದು ಎರಡಕ್ಕೂ ಒಂದೇ ಸೆಟ್ಟಿಂಗ್ ಇಡುತ್ತಾರೆ. ನಾವು ಹೇಳುವುದು ಉಲ್ಟಾ. ವ್ಯೂಫೈಂಡರ್ ಚಿತ್ರ ತೆಗೆಯುವುದಕ್ಕೆ; ಅಲ್ಲಿ ಕಣ್ಣಿಗೆ ಅಡ್ಡ ಬರುವುದು ಕಡಿಮೆಯಾದಷ್ಟೂ ಒಳ್ಳೆಯದು. ಹಿಂಬದಿ ಸ್ಕ್ರೀನ್ ತೆಗೆದದ್ದನ್ನು ತಾಳೆ ನೋಡುವುದಕ್ಕೆ, ಮತ್ತೆ ಕಣ್ಣು ಹೋಗಲಾರದ ಕಡೆ ಇಣುಕುವುದಕ್ಕೆ. ಅಲ್ಲಿ ಮಾಹಿತಿ ತುಂಬಿದ್ದರೂ ಅಡ್ಡಿಯಿಲ್ಲ. ಕೆಳಗಿನ ಹೋಲಿಕೆಯೆಲ್ಲ ಈ ಹಂಚಿಕೆಯ ಮೇಲೆಯೇ ನಿಂತಿದೆ.

ಕನ್ನಡಿಯೋ, ಪುಟ್ಟ ಪರದೆಯೋ

ಡಿಎಸ್‌ಎಲ್‌ಆರ್‌ನಲ್ಲಿ ಕಾಣುವುದು ಲೆನ್ಸ್‌ನೊಳಗಿಂದ ಬಂದ ಬೆಳಕೇ. ಕನ್ನಡಿಗೆ ಬಡಿದು, ಮೇಲೆ ತಿರುಗಿ, ಕಣ್ಣಿಗೆ ಬರುತ್ತದೆ. ಮಿರರ್‌ಲೆಸ್‌ನಲ್ಲಿ ಕಾಣುವುದು ಸುಮಾರು ಅರ್ಧ ಇಂಚಿನ ಓಎಲ್‌ಇಡಿ ಪರದೆ. ಸೆನ್ಸರ್ ಓದಿದ್ದನ್ನು ಅದು ತೋರಿಸುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಎರಡರ ನಡುವೆ ಅಂಥ ವ್ಯತ್ಯಾಸ ಅನಿಸುವುದಿಲ್ಲ. ಆಗುಂಬೆ ಸುತ್ತಿನ ಕಾನಿನೊಳಗೆ, ಅಥವಾ ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಆಷಾಢದ ಅಡಿಕೆ ತೋಟದಲ್ಲಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕ್ಯಾನನ್ 1500ಡಿ, ನಿಕಾನ್ ಡಿ5600 ಥರದ ಆರಂಭಿಕರ ಡಿಎಸ್‌ಎಲ್‌ಆರ್‌ಗಳಲ್ಲಿರುವುದು ಗಾಜಿನ ಪ್ರಿಸಂ ಅಲ್ಲ, ಕನ್ನಡಿಗಳನ್ನು ಕೂಡಿಸಿದ ಪೆಂಟಾಮಿರರ್. ಬೆಳಕು ಅಲ್ಲೇ ಸ್ವಲ್ಪ ಸೋರುತ್ತದೆ. ಅದರ ಮೇಲೆ ಬೆಳಕು ಕಡಿಮೆ ಬಿಡುವ ಎಫ್5.6ರ ಝೂಮ್ ಲೆನ್ಸ್ ಹಾಕಿದರೆ ಕಾನಿನಲ್ಲಿ ಮಂಗಟ್ಟೆ ಕೂತಿದೆಯೋ ಒಣಕೊಂಬೆಯೋ ತಿಳಿಯುವುದು ಕಷ್ಟ. ಇನ್ನೊಂದು ತೊಡಕು, ಚಿತ್ರದ ಎಷ್ಟು ಭಾಗ ವ್ಯೂಫೈಂಡರ್‌ನಲ್ಲಿ ಕಾಣುತ್ತದೆ ಎಂದು ಹೇಳುವ 95 ಶೇಕಡ ಎಂಬ ಅಂಕಿ. ಅದು ಅಗಲಕ್ಕೆ 95, ಎತ್ತರಕ್ಕೆ 95. ವಿಸ್ತೀರ್ಣಕ್ಕೆ ಲೆಕ್ಕ ಹಾಕಿದರೆ ಸುಮಾರು 90 ಮಾತ್ರ. ಚಿತ್ರದ ಹತ್ತನೇ ಒಂದು ಪಾಲು ವ್ಯೂಫೈಂಡರ್‌ನಲ್ಲಿ ಕಾಣಿಸುವುದೇ ಇಲ್ಲ. ಅಂಚಿನಲ್ಲಿ ಇಲ್ಲದಿದ್ದ ಸೋಗೆಯ ತುದಿ, ವಿದ್ಯುತ್ ತಂತಿ ಆಮೇಲೆ ಚಿತ್ರದಲ್ಲಿ ಹುಟ್ಟಿಕೊಳ್ಳುವುದು ಹೀಗೆ. ಈ ಕ್ಯಾಮೆರಾ ಇರುವವರು ಟ್ರೈಪಾಡ್ ಮೇಲೆ ಕಟ್ಟಡ ತೆಗೆಯುವಾಗ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನೇ ಇಟ್ಟುಕೊಳ್ಳಿ, ಲೈವ್ ವ್ಯೂ ಹಾಕಿ ಹಿಂಬದಿ ಸ್ಕ್ರೀನ್‌ನಲ್ಲಿ ಅಂಚು ನೋಡಿಕೊಳ್ಳುವುದು ಒಳ್ಳೆಯದು. ಡಿ7500, ಡಿ750 ಥರದವುಗಳಲ್ಲಿ ಪ್ರಿಸಂ ಇದೆ, 100 ಶೇಕಡ ಕಾಣುತ್ತದೆ.

ಕೊಳ್ಳುವಾಗ ಮೋಸಹೋಗುವ ಜಾಗ ಮ್ಯಾಗ್ನಿಫಿಕೇಷನ್ ಅಂಕಿ, ಅಂದರೆ ವ್ಯೂಫೈಂಡರ್‌ನಲ್ಲಿ ದೃಶ್ಯ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಡಿ5600ಕ್ಕೆ 0.82, ನಿಕಾನ್ ಝಡ್6ಕ್ಕೆ 0.80 ಎಂದು ಬರೆದಿರುತ್ತದೆ. ಹಳೆಯದೇ ದೊಡ್ಡದು ಅನಿಸುತ್ತದೆ. ಎರಡನ್ನೂ ಅಳೆದಿರುವುದು 50 ಮಿ.ಮೀ. ಲೆನ್ಸ್‌ನಲ್ಲಿ, ಆದರೆ ಡಿ5600ರ ಸೆನ್ಸರ್ ಚಿಕ್ಕದು. ಅದರ ಅಂಕಿಯನ್ನು 1.5ರಿಂದ ಭಾಗಿಸಿದರೆ ಸಿಗುವ 0.55 ಸರಿಯಾದ ಹೋಲಿಕೆ. ಕ್ಯಾನನ್‌ನ ಚಿಕ್ಕ ಸೆನ್ಸರ್‌ಗಳಿಗೆ 1.6ರಿಂದ ಭಾಗಿಸಿ: 1500ಡಿಯ 0.80 ಇಳಿದು 0.50 ಆಗುತ್ತದೆ.

ಹಾಗಾದರೆ ಪುಟ್ಟ ಪರದೆಯೇ ಮೇಲೇ? ಕತ್ತಲಿಗೆ ಹೌದು, ಬ್ಯಾಟರಿಗೆ ಅಲ್ಲ. ಡಿ750 ಒಂದು ಚಾರ್ಜ್‌ಗೆ 1230 ಚಿತ್ರ ಎನ್ನುತ್ತದೆ. ಸೋನಿ ಎ7 ಮಾರ್ಕ್ 3 ಹಿಂಬದಿ ಸ್ಕ್ರೀನ್‌ನಲ್ಲಿ 710, ವ್ಯೂಫೈಂಡರ್‌ನಲ್ಲಿ 610. ಗಮನಿಸಿ, ಪುಟ್ಟ ಪರದೆಯೇ ಹೆಚ್ಚು ತಿನ್ನುತ್ತದೆ. ಬ್ಯಾಟರಿ ಉಳಿಸಲೆಂದು ಹಿಂಬದಿ ಸ್ಕ್ರೀನ್ ಮುಚ್ಚಿ ವ್ಯೂಫೈಂಡರ್ ಹಿಡಿಯುವವರು ಲೆಕ್ಕ ತಪ್ಪಿದ್ದಾರೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರಿಗೆ ಹೋಗುವುದಾದರೆ ಮಿರರ್‌ಲೆಸ್‌ಗೆ ಕನಿಷ್ಠ ಮೂರು ಬ್ಯಾಟರಿ ಬೇಕು.

ವ್ಯೂಫೈಂಡರೇ ಇಲ್ಲದ ಕ್ಯಾಮೆರಾಗಳೂ ಇವೆ, ಸೋನಿ ಝಡ್‌ವಿ-ಇ10 ಥರ. ವಿಡಿಯೋಗೆ ಸಾಕು. ಸುರಿಯುವ ಮಳೆಯಲ್ಲಿ, ಎದುರು ಬಿಸಿಲಿನಲ್ಲಿ ಹಕ್ಕಿ ಹಿಂಬಾಲಿಸಬೇಕೆಂದಿದ್ದರೆ ಬೇಡ.

ಮೊದಲು ಡಯಾಪ್ಟರ್

ವ್ಯೂಫೈಂಡರನ್ನು ನಿಮ್ಮ ಕಣ್ಣಿನ ನಂಬರ್‌ಗೆ ಹೊಂದಿಸುವ ಚಕ್ರ ಡಯಾಪ್ಟರ್. ಉಳಿದ ಯಾವ ಸೆಟ್ಟಿಂಗ್‌ಗೂ ಮುಂಚೆ ಇದು. ವ್ಯೂಫೈಂಡರ್ ಪಕ್ಕದ ಚಿಕ್ಕ ಚಕ್ರ ಬ್ಯಾಗಿಗೆ ಉಜ್ಜಿ ತಿರುಗಿರುತ್ತದೆ, ಜನ ಲೆನ್ಸ್ ಮಂಕಾಯಿತೆಂದು ಅಂಗಡಿಗೆ ಒಯ್ಯುತ್ತಾರೆ.

ಕ್ಯಾಮೆರಾವನ್ನು ಬರೀ ಮೋಡದ ಕಡೆಗೋ ಸುಣ್ಣದ ಗೋಡೆಗೋ ಹಿಡಿದು, ಲೆನ್ಸನ್ನು ಬೇಕೆಂದೇ ಫೋಕಸ್ ತಪ್ಪಿಸಿ. ಈಗ ನೋಡಬೇಕಾದ್ದು ದೃಶ್ಯವನ್ನಲ್ಲ, ಕೆಳಗಿನ ಅಕ್ಷರ ಮತ್ತು ಅಂಕಿಗಳನ್ನು. ಡಿಎಸ್‌ಎಲ್‌ಆರ್ ಆದರೆ ನಡುವಿನ ಫೋಕಸ್ ಚುಕ್ಕಿಗಳನ್ನು. ಚಕ್ರವನ್ನು ಪೂರ್ತಿ ಪ್ಲಸ್ ಕಡೆಗೆ ತಿರುಗಿಸಿ, ಅಲ್ಲಿಂದ ನಿಧಾನಕ್ಕೆ ಮೈನಸ್ ಕಡೆಗೆ ಬನ್ನಿ, ಅಕ್ಷರ ಮೊದಲ ಸಲ ಚೂಪಾದಲ್ಲಿ ನಿಲ್ಲಿಸಿ. ಇನ್ನೂ ಮುಂದೆ ಹೋದರೂ ಸ್ಪಷ್ಟವೇ ಕಾಣುತ್ತದೆ, ಯಾಕೆಂದರೆ ಕಣ್ಣು ತಾನೇ ಶ್ರಮಪಟ್ಟು ಸರಿಮಾಡಿಕೊಳ್ಳುತ್ತದೆ. ಅರ್ಧ ಗಂಟೆಗೆ ಹಣೆ ನೋಯುವುದು ಅದರಿಂದಲೇ. ಕೆಲವು ಕ್ಯಾಮೆರಾಗಳಲ್ಲಿ ಚಕ್ರವನ್ನು ಹೊರಗೆಳೆದು ತಿರುಗಿಸಿ ಮತ್ತೆ ಒಳಗೆ ಒತ್ತಬೇಕು. ಒತ್ತಲು ಮರೆತರೆ ಅದು ಮತ್ತೆ ತಿರುಗಿಯೇ ತಿರುಗುತ್ತದೆ. ಚಕ್ರ ಸಡಿಲವಿದ್ದರೆ ಸರಿಯಾದ ಜಾಗದಲ್ಲಿ ಒಂದು ಚೂರು ಟೇಪ್ ಅಂಟಿಸಿ.

ಕನ್ನಡಕ ತೆಗೆದು ನೋಡಬೇಕೋ ಹಾಕಿಕೊಂಡೋ? ಎಷ್ಟು ತಿರುಗುತ್ತದೆ ಎಂಬುದರ ಮೇಲೆ ಹೋಗುತ್ತದೆ. 1500ಡಿಯಲ್ಲಿ -2.5ರಿಂದ +0.5, ಎ7 ಮಾರ್ಕ್ 3ರಲ್ಲಿ -4ರಿಂದ +3. ನಿಮ್ಮ ನಂಬರ್ ಇದರ ಹೊರಗಿದ್ದರೆ, ಅಥವಾ ಸಿಲಿಂಡರ್ ಪವರ್ ಇದ್ದರೆ, ಕನ್ನಡಕ ಹಾಕಿಕೊಂಡೇ ನೋಡಬೇಕು. ಸಿಲಿಂಡರ್ ದೋಷವನ್ನು ಈ ಚಕ್ರ ತಿದ್ದುವುದಿಲ್ಲ. ಕನ್ನಡಕ ಹಾಕುವವರು ನೋಡಬೇಕಾದ ಅಂಕಿ ಐ-ಪಾಯಿಂಟ್: ಕಣ್ಣು ಗಾಜಿನಿಂದ ಹೆಚ್ಚೆಂದರೆ ಎಷ್ಟು ದೂರವಿದ್ದರೆ ನಾಲ್ಕೂ ಮೂಲೆ ಕಾಣುತ್ತವೆ ಎಂಬುದು. ಡಿ5600ರಲ್ಲಿ 17 ಮಿ.ಮೀ., ಎ7 ಮಾರ್ಕ್ 3ರಲ್ಲಿ 23. ಮೂಲೆ ಕಾಣದಿದ್ದರೆ, ಕ್ಯಾನನ್, ನಿಕಾನ್, ಸೋನಿಗಳ ಈಚಿನ ಕೆಲವು ಮಾದರಿಗಳಲ್ಲಿ ವ್ಯೂಫೈಂಡರ್ ಚಿತ್ರವನ್ನೇ ಸ್ವಲ್ಪ ಚಿಕ್ಕದಾಗಿಸುವ ಆಯ್ಕೆ ಇದೆ.

ನಲವತ್ತೈದು ದಾಟಿ ಪೇಪರ್ ಓದಲು ಕನ್ನಡಕ ಹುಡುಕುವವರಿಗೆ ಇನ್ನೊಂದು ಲಾಭ. ವ್ಯೂಫೈಂಡರ್ ಒಳಗಿನ ಚಿತ್ರ ಕಣ್ಣಿಗೆ ಸುಮಾರು ಒಂದು ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ, ಹಿಂಬದಿ ಸ್ಕ್ರೀನ್ ಇರುವುದು ಒಂದು ಗೇಣು ದೂರದಲ್ಲಿ. ಸ್ಕ್ರೀನ್ ಮಸುಕಾಗಿ ಕಂಡರೆ ತೆಗೆದ ಚಿತ್ರವನ್ನು, ಮೆನುವನ್ನು ಮಿರರ್‌ಲೆಸ್ ವ್ಯೂಫೈಂಡರ್‌ನಲ್ಲಿಯೇ ನೋಡಿಕೊಳ್ಳಿ. ಡಿಎಸ್‌ಎಲ್‌ಆರ್‌ನಲ್ಲಿ ಈ ಸೌಕರ್ಯ ಇಲ್ಲ.

ಯಾವ ಪರದೆ ಯಾವಾಗ ಉರಿಯಬೇಕು

ಅಂಗಡಿಯಿಂದ ಬರುವಾಗ ಇರುವುದು 'ಆಟೋ': ಕಣ್ಣಿಟ್ಟರೆ ವ್ಯೂಫೈಂಡರ್, ತೆಗೆದರೆ ಹಿಂಬದಿ. ಒಣ ಹವೆಯಲ್ಲಿ, ನಿಂತು ತೆಗೆಯುವಾಗ ಇದೇ ಸುಲಭ. ತೊಂದರೆ ಬರುವುದು ಕ್ಯಾಮೆರಾ ಎದೆಯ ಮಟ್ಟಕ್ಕೆ ಬಂದಾಗ. ಅಂಗಿ, ಬೆಲ್ಟ್, ಕೊಡೆ ಹಿಡಿದ ಕೈ, ಮಳೆಹನಿ ಎಲ್ಲವನ್ನೂ ಸೆನ್ಸರ್ ಮುಖ ಎಂದೇ ತಿಳಿಯುತ್ತದೆ.

'ವ್ಯೂಫೈಂಡರ್ ಮಾತ್ರ' ಮಂಡಗದ್ದೆಗೆ ಸರಿ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ತುಂಗೆಯ ನಡುಗಡ್ಡೆ ಮರಗಳಿಂದ ಏಳುವುದು ಕ್ಷಣದ ಮಾತು. ಪರದೆ ಬದಲಾಗುವ ಆ ಚೂರು ತಡವೂ ಬೇಡ. ಯಕ್ಷಗಾನಕ್ಕೂ ಇದೇ. ಕತ್ತಲಲ್ಲಿ ಕೂತ ನೂರಾರು ಜನರ ಮುಂದೆ ಹಿಂಬದಿ ಸ್ಕ್ರೀನ್ ಪ್ರತಿ ಕ್ಲಿಕ್ಕಿಗೂ ಬೆಳಗಿದರೆ ಹಿಂದಿನ ಸಾಲಿನಿಂದ ಮಾತು ಬರುವುದು ಖಂಡಿತ. ಸ್ಕ್ರೀನ್ ಪೂರ್ತಿ ಮಡಚುವ ಕ್ಯಾಮೆರಾದಲ್ಲಿ ಅದನ್ನು ಒಳಮುಖವಾಗಿ ತಿರುಗಿಸಿ ಮುಚ್ಚಿದರೆ ಇನ್ನೂ ನೆಮ್ಮದಿ. ಗೀರೂ ಬೀಳುವುದಿಲ್ಲ, ಹನಿಯೂ ತಾಗುವುದಿಲ್ಲ. ಇದರ ಅನನುಕೂಲ ಒಂದೇ: ಮೆನುವೂ ವ್ಯೂಫೈಂಡರ್ ಒಳಗೇ ಹೋಗುತ್ತದೆ. ಕ್ಯಾಮೆರಾ ಸತ್ತಿತೆಂದು ಬ್ಯಾಟರಿ ತೆಗೆದು ಹಾಕುವವರಲ್ಲಿ ಬಹುಪಾಲು ಈ ಸೆಟ್ಟಿಂಗ್‌ನಲ್ಲಿ ಸಿಕ್ಕಿಕೊಂಡವರು. ಮೊದಲು ಕಣ್ಣಿಟ್ಟು ನೋಡಿ.

'ಸ್ಕ್ರೀನ್ ಮಾತ್ರ' ನೆಲಮಟ್ಟದ ಕೆಲಸಕ್ಕೆ: ಅಣಬೆ, ಕಪ್ಪೆ, ತೋಟದ ಕಾಲುವೆಯ ಏಡಿ. ಉಂಬಳ (ಜಿಗಣೆ) ಇರುವ ನೆಲದಲ್ಲಿ ಹೊಟ್ಟೆ ಮೇಲೆ ಮಲಗದೆ ಚಿತ್ರ ತೆಗೆಯಲು ಸಿಗುವ ಒಂದೇ ದಾರಿ ಹೊರಗೆಳೆದ ಸ್ಕ್ರೀನ್. ಎ7 ಮಾರ್ಕ್ 3ರಂಥವುಗಳಲ್ಲಿ ಸ್ಕ್ರೀನ್ ಹೊರಗೆಳೆದ ಕೂಡಲೇ ಕಣ್ಣಿನ ಸೆನ್ಸರ್ ತಾನೇ ನಿಲ್ಲುತ್ತದೆ. ಕ್ಯಾನನ್ ಆರ್5, ಆರ್6ರಲ್ಲಿ 'ಆಟೋ 1' ಆರಿಸಿದರೆ ಸ್ಕ್ರೀನ್ ತೆರೆದಿದ್ದಾಗ ಅದೇ ಉರಿಯುತ್ತದೆ, 'ಆಟೋ 2'ರಲ್ಲಿ ತೆರೆದಿದ್ದರೂ ಸೆನ್ಸರ್ ಬದಲಿಸುತ್ತಲೇ ಇರುತ್ತದೆ. ಕಾಡಿಗೆ 'ಆಟೋ 1' ವಾಸಿ.

ನಿಕಾನ್ ಝಡ್ ಕ್ಯಾಮೆರಾಗಳ ನಾಲ್ಕನೆಯ ಆಯ್ಕೆ, 'ವ್ಯೂಫೈಂಡರ್‌ಗೆ ಆದ್ಯತೆ', ಡಿಎಸ್‌ಎಲ್‌ಆರ್ ಬಿಟ್ಟು ಬಂದವರಿಗೆ ಹೇಳಿಮಾಡಿಸಿದ್ದು. ಚಿತ್ರ ತೆಗೆಯುವಾಗ ವ್ಯೂಫೈಂಡರ್ ಮಾತ್ರ, ಮೆನುವಿಗೆ ಮತ್ತು ಚಿತ್ರ ನೋಡಲು ಹಿಂಬದಿ. ಕಣ್ಣು ತೆಗೆದಾಗ ಎರಡೂ ಪರದೆ ಆರಿರುವುದರಿಂದ ಬ್ಯಾಟರಿಯೂ ಉಳಿಯುತ್ತದೆ. ವ್ಯೂಫೈಂಡರ್ ಎಡಬದಿಯ ಗುಂಡಿ ಒತ್ತಿದಂತೆ ನಾಲ್ಕೂ ಸರದಿಯಲ್ಲಿ ಬರುತ್ತವೆ. ಸೆಟಪ್ ಮೆನುವಿನ 'ಲಿಮಿಟ್ ಮಾನಿಟರ್ ಮೋಡ್ ಸೆಲೆಕ್ಷನ್'ನಲ್ಲಿ ಬೇಡದ ಎರಡನ್ನು ತೆಗೆದುಹಾಕಿದರೆ ಒದ್ದೆ ಕೈಯಲ್ಲಿ ತಡಕಾಡುವುದು ತಪ್ಪುತ್ತದೆ. ಫ್ಯೂಜಿಫಿಲ್ಮ್‌ನಲ್ಲಿ ಇದೇ ಕೆಲಸಕ್ಕೆ 'ವ್ಯೂ ಮೋಡ್' ಇದೆ.

ಬೆಳಕಿನ ಮುನ್ನೋಟ: ಹಾಕಬೇಕೋ ತೆಗೆಯಬೇಕೋ

ಈ ಹೋಲಿಕೆಯಲ್ಲಿ ಅತಿ ಮುಖ್ಯವಾದದ್ದು ಇದು, ಮತ್ತೆ ಅತಿ ಹೆಚ್ಚು ಗೊಂದಲ ಇರುವುದೂ ಇಲ್ಲಿಯೇ. ಮಿರರ್‌ಲೆಸ್ ಪರದೆ ಎರಡು ರೀತಿ ತೋರಿಸಬಲ್ಲದು. ಒಂದು, ನೀವಿಟ್ಟ ಶಟರ್ (ಬೆಳಕು ಬೀಳುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಇವಕ್ಕೆ ಚಿತ್ರ ಹೇಗೆ ಬರುತ್ತದೋ ಹಾಗೆ. ಇನ್ನೊಂದು, ಸೆಟ್ಟಿಂಗ್ ಏನೇ ಇರಲಿ, ಕಣ್ಣಿಗೆ ಹಿತವಾಗುವಷ್ಟು ಬೆಳಕು ಹೆಚ್ಚಿಸಿ. ಸೋನಿಯಲ್ಲಿ ಇದು 'ಲೈವ್ ವ್ಯೂ ಡಿಸ್‌ಪ್ಲೇ'ಯ 'ಸೆಟ್ಟಿಂಗ್ ಎಫೆಕ್ಟ್ ಆನ್, ಆಫ್'; ಕ್ಯಾನನ್‌ನಲ್ಲಿ 'ಎಕ್ಸ್‌ಪೋಷರ್ ಸಿಮ್ಯುಲೇಷನ್'; ನಿಕಾನ್ ಝಡ್6ರಲ್ಲಿ 'ಅಪ್ಲೈ ಸೆಟ್ಟಿಂಗ್ಸ್ ಟು ಲೈವ್ ವ್ಯೂ'; ಫ್ಯೂಜಿಯಲ್ಲಿ 'ಪ್ರಿವ್ಯೂ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಇನ್ ಮ್ಯಾನುಯಲ್ ಮೋಡ್'.

ಬೆಳ್ಳಕ್ಕಿಗೆ ಮುನ್ನೋಟ ಇರಲೇಬೇಕು. ಕಡುಹಸಿರು ಮರ, ಕಪ್ಪು ನೀರು ಚೌಕಟ್ಟು ತುಂಬಿರುವಾಗ ಬೆಳಕು ಅಳೆಯುವ ಮೀಟರ್ ಅದನ್ನೇ ನಂಬಿ ಬೆಳಕು ಹೆಚ್ಚಿಸುತ್ತದೆ; ಬಿಳಿ ರೆಕ್ಕೆಯ ಗರಿಗಳೆಲ್ಲ ಅಳಿಸಿ ಸುಣ್ಣ ಬಳಿದಂತಾಗುತ್ತದೆ. ಮುನ್ನೋಟ ಇದ್ದರೆ ಕ್ಲಿಕ್ಕಿಸುವ ಮೊದಲೇ ಅದು ಕಾಣುತ್ತದೆ. ಕಾಂಪೆನ್ಸೇಷನ್ (ಮೀಟರ್ ಹೇಳಿದ ಬೆಳಕನ್ನು ಏರಿಸುವ, ಇಳಿಸುವ ಸೆಟ್ಟಿಂಗ್) -1ರಿಂದ ಶುರುಮಾಡಿ, ಗರಿಯ ಗೆರೆ ಕಾಣುವವರೆಗೆ ಮೂರನೇ ಒಂದರಂತೆ ಇಳಿಸಿ. ಸೋನಿ, ಪ್ಯಾನಸೋನಿಕ್‌ಗಳಲ್ಲಿ ಸ್ಟಿಲ್ ತೆಗೆಯುವಾಗಲೂ ಝೀಬ್ರಾ ಪಟ್ಟೆ ಹಾಕಬಹುದು. ಅದನ್ನು '100+'ಗೆ ಇಟ್ಟರೆ ಬಿಳಿ ಸುಟ್ಟುಹೋಗುವ ಜಾಗದಲ್ಲಿ ಓರೆಗೆರೆ ಓಡುತ್ತದೆ. ರಾ ಫೈಲ್ (ಸೆನ್ಸರ್ ಓದಿದ್ದನ್ನು ಹಾಗೆಯೇ ಉಳಿಸುವ ಫೈಲ್) ತೆಗೆಯುವವರು ಒಂದು ಮಾತು ನೆನಪಿಡಬೇಕು: ಝೀಬ್ರಾ, ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ನಕ್ಷೆ) ಎರಡೂ ಲೆಕ್ಕ ಹಾಕುವುದು ಜೆಪೆಗ್ ಚಿತ್ರದ ಮೇಲೆ. ಪಿಕ್ಚರ್ ಸ್ಟೈಲ್ 'ವಿವಿಡ್'ನಲ್ಲಿದ್ದರೆ ಬೇಗ ಕೂಗುತ್ತವೆ, 'ನ್ಯೂಟ್ರಲ್'ನಲ್ಲಿ ಇಟ್ಟರೆ ನಿಜಕ್ಕೆ ಹತ್ತಿರ. ಡಿಎಸ್‌ಎಲ್‌ಆರ್ ಇದ್ದವರಿಗೆ ವ್ಯೂಫೈಂಡರ್‌ನಲ್ಲಿ ಈ ಮುನ್ನೋಟ ಸಿಗದು. ಒಂದು ಪರೀಕ್ಷಾ ಚಿತ್ರ ತೆಗೆದು, ಹಿಂಬದಿಯಲ್ಲಿ ಮಿನುಗುವ ಎಚ್ಚರಿಕೆ ನೋಡಿ, ತಿದ್ದಿ ಮುಂದುವರಿಯಬೇಕು.

ಫ್ಲಾಶ್‌ಗೆ ಮುನ್ನೋಟ ಬೇಡವೇ ಬೇಡ. ರಾತ್ರಿ ಆಗುಂಬೆಯಲ್ಲಿ ಕಪ್ಪೆ ತೆಗೆಯುವಾಗ 1/200, ಎಫ್11, ಐಎಸ್‌ಒ 200 ಇಟ್ಟಿರುತ್ತೀರಿ. ಫ್ಲಾಶ್ ಇಲ್ಲದೆ ಈ ಲೆಕ್ಕಕ್ಕೆ ಸಿಗುವುದು ಕತ್ತಲೆ, ಮುನ್ನೋಟ ಪ್ರಾಮಾಣಿಕವಾಗಿ ಕತ್ತಲೆಯನ್ನೇ ತೋರಿಸುತ್ತದೆ. ಮದುವೆ ಮಂಟಪದಲ್ಲಿ ಹೊಸ ಮಿರರ್‌ಲೆಸ್ ಹಿಡಿದವರು ವ್ಯೂಫೈಂಡರ್ ಹಾಳಾಯಿತೆಂದು ಗಾಬರಿಯಾಗುವುದೂ ಇದಕ್ಕೇ. ಕಂಪನಿಯದೇ ಫ್ಲಾಶ್ ಕೂರಿಸಿದರೆ ಕೆಲವು ಕ್ಯಾಮೆರಾಗಳು ಮುನ್ನೋಟವನ್ನು ತಾವೇ ನಿಲ್ಲಿಸುತ್ತವೆ. ಒಂದೇ ಪಿನ್ನಿನ ಅಗ್ಗದ ರೇಡಿಯೋ ಟ್ರಿಗರ್ ಹಾಕಿದರೆ ಅಲ್ಲಿ ಫ್ಲಾಶ್ ಇದೆಯೆಂದೇ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಹಾಗಾಗಿ ಆನ್, ಆಫ್ ಎರಡನ್ನೂ ಒಂದು ಗುಂಡಿಗೆ ಕೊಟ್ಟುಬಿಡಿ. ಮೆನುವಿನೊಳಗೆ ಹುಡುಕುವ ಹೊತ್ತಿಗೆ ಕಪ್ಪೆ ಕಾಲುವೆಗೆ ಹಾರಿರುತ್ತದೆ.

ಜೋಗದಲ್ಲಿ ಎರಡೂ ಬೇಕು, ಒಂದಾದ ಮೇಲೊಂದು. 253 ಮೀಟರ್ ಮೇಲಿಂದ ಬೀಳುವ ನೀರನ್ನು ಹಾಲಿನಂತೆ ತೋರಿಸಲು ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಹಾಕುತ್ತಾರೆ. ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ. ಬರಿಗಣ್ಣಿಗೆ 1/60 ಸೆಕೆಂಡ್ ಬಂದರೆ ಆರು ಸ್ಟಾಪ್ ಫಿಲ್ಟರ್‌ನಲ್ಲಿ ಸುಮಾರು 1 ಸೆಕೆಂಡ್, ಹತ್ತು ಸ್ಟಾಪ್‌ನಲ್ಲಿ 17 ಸೆಕೆಂಡ್. ಮಳೆಗಾಲದ ಮಬ್ಬಿನಲ್ಲಿ ಆರು ಸ್ಟಾಪ್ ಧಾರಾಳ ಸಾಕು. ಹತ್ತರದ್ದು ಹಾಕಿದರೆ 17 ಸೆಕೆಂಡಿನಲ್ಲಿ ಮಂಜು ತೇಲಿ ಬಂದು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಲಸಿಹೋಗುತ್ತವೆ. ಡಿಎಸ್‌ಎಲ್‌ಆರ್ ಆದರೆ ಚೌಕಟ್ಟು, ಫೋಕಸ್ ಎರಡನ್ನೂ ಫಿಲ್ಟರ್ ಹಾಕುವ ಮೊದಲೇ ಮುಗಿಸಿ ಮ್ಯಾನುಯಲ್ ಫೋಕಸ್‌ಗೆ ಬದಲಿಸಬೇಕು. ಹಾಕಿದ ಮೇಲೆ ಏನೂ ಕಾಣದು. ಇನ್ನೂ ಒಂದು: ಡಿಎಸ್‌ಎಲ್‌ಆರ್‌ನ ಮೀಟರ್ ಮೇಲ್ಭಾಗದಲ್ಲಿದೆ, ಕಣ್ಣಿಡದ ವ್ಯೂಫೈಂಡರ್‌ನಿಂದ ಒಳಹೊಕ್ಕ ಬೆಳಕು ಅದನ್ನು ದಾರಿತಪ್ಪಿಸಿ ಚಿತ್ರ ಕಪ್ಪಾಗಿಸುತ್ತದೆ. ಕ್ಯಾನನ್ ಪಟ್ಟಿಗೆ ಪೋಣಿಸಿದ ರಬ್ಬರ್ ಮುಚ್ಚಳ ಇರುವುದು ಅದಕ್ಕೇ. ಇಲ್ಲದಿದ್ದರೆ ಟೋಪಿ ಹಾಕಿ ಮುಚ್ಚಿದರೂ ನಡೆಯುತ್ತದೆ. ಮಿರರ್‌ಲೆಸ್‌ನಲ್ಲಿ ಈ ರಗಳೆ ಇಲ್ಲ. ಮುನ್ನೋಟ ತೆಗೆದರೆ ಹಗಲಿನಲ್ಲಿ ಹತ್ತು ಸ್ಟಾಪ್ ಮೂಲಕವೂ ಕಾಳುಕಾಳಾಗಿ ದೃಶ್ಯ ಕಾಣುತ್ತದೆ, ಚೌಕಟ್ಟಿಗೆ ಅಷ್ಟು ಸಾಕು. ಆಮೇಲೆ ಮುನ್ನೋಟ ಹಾಕಿ ಬೆಳಕು ನೋಡಿಕೊಳ್ಳಿ.

ಯಕ್ಷಗಾನದಲ್ಲಿ ಮುನ್ನೋಟ ಇಟ್ಟೇ ತೆಗೆಯಿರಿ. ರಂಗಸ್ಥಳದ ಮೇಲೆ ಬೆಳಕು ಬಲವಾಗಿ, ಹಿಂದೆ ಕತ್ತಲೆ. ಮುಖದ ಬಣ್ಣ ಮತ್ತು ಮುಂಡಾಸಿನ ಮಿಂಚು ಮೊದಲು ಸುಡುತ್ತವೆ. ಇಲ್ಲಿ ಬರುವ ಬೇರೆ ಕಿರಿಕಿರಿ ವ್ಯೂಫೈಂಡರ್‌ನಲ್ಲಿ ತೇಲುವ ಪಟ್ಟೆಗಳು. ನಮ್ಮ ಕರೆಂಟ್ 50 ಹರ್ಟ್ಝ್, ಅದರ ಮೇಲೆ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50 ಇದ್ದರೆ ಚಿತ್ರದಲ್ಲಿ ಪಟ್ಟೆ ಬಾರದು. ವ್ಯೂಫೈಂಡರ್‌ನಲ್ಲಿ ಕಂಡು ಚಿತ್ರದಲ್ಲಿ ಇಲ್ಲದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಕುಣಿತಕ್ಕೆ 1/100 ಸಾಲದು ಅನಿಸಿದಾಗ, ದೀಪ ಮಿನುಗುವ ಲಯಕ್ಕೆ ಶಟರ್ ಹೊಂದಿಸುವ ಆ್ಯಂಟಿ-ಫ್ಲಿಕರ್ ಹಾಕಿ. ಡಿಜಿಟಲ್ ಡಿಮ್ಮರ್‌ನ ಎಲ್‌ಇಡಿಗಳು ಇದಕ್ಕಿಂತ ಬಹಳ ವೇಗವಾಗಿ ಮಿನುಗುತ್ತವೆ, ಅವಕ್ಕೆ ಈ ಉಪಾಯ ಸದಾ ಫಲಿಸುವುದಿಲ್ಲ; ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಹಾಕಿದರೆ ಪಟ್ಟೆ ಕಡಿಮೆಯಾಗುತ್ತದೆ.

ವೇಗವೋ, ಸ್ಪಷ್ಟತೆಯೋ, ಬ್ಯಾಟರಿಯೋ

ಪುಟ್ಟ ಪರದೆಯ ಚುಕ್ಕಿಗಳ ಲೆಕ್ಕ 23.6 ಲಕ್ಷ, 36.9 ಲಕ್ಷ, 57.6 ಲಕ್ಷ, 94.4 ಲಕ್ಷ ಎಂದು ಏರುತ್ತದೆ. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಮೂರು ಚುಕ್ಕಿ, 23.6 ಲಕ್ಷ ಎಂದರೆ 1024ಕ್ಕೆ 768 ಪಿಕ್ಸೆಲ್ ಅಷ್ಟೆ. ಕೈಯಲ್ಲಿ ಫೋಕಸ್ ಮಾಡುವ ಮ್ಯಾಕ್ರೋದವರಿಗೆ (ಅತಿ ಹತ್ತಿರದಿಂದ ತೆಗೆಯುವವರಿಗೆ) 36.9 ಲಕ್ಷದಿಂದ ಮೇಲೆ ಇದ್ದರೆ ಗರಿ, ಕೂದಲು ಬಿಡಿಬಿಡಿಯಾಗಿ ಕಾಣುತ್ತದೆ. ಅಡಿಕೆ ಕೊಯ್ಲು, ಮದುವೆ, ಊರಹಬ್ಬ ತೆಗೆಯುವವರು ಇದಕ್ಕೆಂದು ಹೆಚ್ಚು ಹಣ ಸುರಿಯಬೇಕಿಲ್ಲ.

ಸೆಕೆಂಡಿಗೆ 60 ಫ್ರೇಮೋ 120 ಫ್ರೇಮೋ ಎಂಬ ಆಯ್ಕೆ ಇದ್ದರೆ ಹಾರುವ ಹಕ್ಕಿಗೆ, ಯಕ್ಷಗಾನದ ಗಿರಕಿಗೆ 120, ಉಳಿದದ್ದಕ್ಕೆ 60. ಕೆಲವು ಮಾದರಿಗಳಲ್ಲಿ 120 ಹಾಕಿದರೆ ಸ್ಪಷ್ಟತೆ ಇಳಿಯುತ್ತದೆ, ಬ್ಯಾಟರಿ ಎಲ್ಲದರಲ್ಲೂ ಬೇಗ ಇಳಿಯುತ್ತದೆ. ಕ್ಯಾನನ್‌ನಲ್ಲಿ ಇದನ್ನು 'ಪವರ್ ಸೇವಿಂಗ್', 'ಸ್ಮೂತ್' ಎಂದು ಕರೆದಿದ್ದಾರೆ. ಗಾಢ ಕಾನಿನೊಳಗೆ 120 ಇಟ್ಟರೂ ಪರದೆ ಎಳೆದಾಡಿದಂತೆ ಕಾಣಬಹುದು: ಬೆಳಕು ಸಾಲದೆ ಸೆನ್ಸರ್ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಅಲ್ಲಿ ಮೆನುವಿಗಿಂತ ಎಫ್2.8 ಲೆನ್ಸ್ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹೊಳಪು, ಬಣ್ಣ

ಹೊಳಪನ್ನು 'ಆಟೋ'ದಲ್ಲಿ ಬಿಡಬೇಡಿ. ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆ ಬದಲಾದರೆ ನಿನ್ನೆಯ ಅಂದಾಜು ಇಂದಿಗೆ ಬಾರದು. ವ್ಯೂಫೈಂಡರ್ ಮ್ಯಾನುಯಲ್‌ನಲ್ಲಿ 0. ಕಣ್ಣು ಒತ್ತಿ ಹೊರಬೆಳಕು ಮರೆಯಾದ ಕತ್ತಲಲ್ಲೇ ನೋಡುವುದರಿಂದ ಅದನ್ನು ಮತ್ತೆ ಮುಟ್ಟುವ ಪ್ರಸಂಗ ಕಡಿಮೆ. ಹಿಂಬದಿ ಸ್ಕ್ರೀನ್ ಹಗಲಿಗೆ 0, ಜಡಿಮಳೆಯ ಮಬ್ಬಿಗೆ ಒಂದು ಮೆಟ್ಟಿಲು ಕೆಳಗೆ, ರಾತ್ರಿಗೆ ಇರುವುದರಲ್ಲಿ ಅತಿ ಕಡಿಮೆ. ಫೆಬ್ರವರಿ ಬಿಸಿಲಿನ ಕೊಡಚಾದ್ರಿ ನೆತ್ತಿಯಲ್ಲಿ ಸೋನಿಯ 'ಸನ್ನಿ ವೆದರ್' ಹಾಕಿದರೆ ಸ್ಕ್ರೀನ್ ಓದಬಹುದು, ಆದರೆ ಹಾಗೇ ಮರೆತು ತೋಟಕ್ಕೆ ಇಳಿದರೆ ಎಲ್ಲ ಚಿತ್ರವೂ ಅತಿ ಬೆಳಕಾಗಿ ಕಂಡು ನೀವು ಸುಮ್ಮನೆ ಇಳಿಸುತ್ತ ಹೋಗುತ್ತೀರಿ. ಹಿಸ್ಟೋಗ್ರಾಂಗೆ ಈ ಮಂಕುಬೂದಿ ಹಿಡಿಯುವುದಿಲ್ಲ.

ಬಣ್ಣದ ವಿಷಯದಲ್ಲಿ ಎರಡು ಪರದೆಗಳು ಎಂದೂ ಒಪ್ಪುವುದಿಲ್ಲ. ಒಂದು ಓಎಲ್‌ಇಡಿ, ಇನ್ನೊಂದು ಸಾಮಾನ್ಯವಾಗಿ ಎಲ್‌ಸಿಡಿ. ಒಂದೇ ಬಿಳಿ ಪಂಚೆಯ ಚಿತ್ರವನ್ನು ಎರಡರಲ್ಲೂ ತೆರೆದು ನೋಡಿ, ನಿಕಾನ್‌ನ 'ವ್ಯೂಫೈಂಡರ್ ಕಲರ್ ಬ್ಯಾಲೆನ್ಸ್' ಅಥವಾ ಸೋನಿಯ 'ಫೈಂಡರ್ ಕಲರ್ ಟೆಂಪರೇಚರ್'ನಲ್ಲಿ ಆದಷ್ಟು ಹತ್ತಿರ ತನ್ನಿ. ಇದು ಬದಲಿಸುವುದು ಪರದೆಯನ್ನು, ಚಿತ್ರವನ್ನಲ್ಲ. ತೋಟದ ನೆರಳಲ್ಲಿ ಮುಖಗಳು ಹಸಿರಾಗಿ ಕಂಡರೆ ಅದು ಪರದೆಯ ತಪ್ಪಲ್ಲ, ಸೋಗೆಯೊಳಗಿಂದ ಇಳಿದ ಬೆಳಕೇ ಹಸಿರು. ಅದನ್ನು ತಿದ್ದಬೇಕಾದ್ದು ವೈಟ್ ಬ್ಯಾಲೆನ್ಸ್‌ನಲ್ಲಿ.

ಪರದೆ ಮೇಲೆ ಏನಿರಬೇಕು

ವ್ಯೂಫೈಂಡರ್‌ನಲ್ಲಿ ಶಟರ್, ಅಪರ್ಚರ್, ಐಎಸ್‌ಒ, ಕಾಂಪೆನ್ಸೇಷನ್, ಫೋಕಸ್ ಚೌಕ. ಸಾಕು. ಹಿಂಬದಿಯಲ್ಲಿ ಹಿಸ್ಟೋಗ್ರಾಂ, ಲೆವೆಲ್, ಗ್ರಿಡ್, ಬ್ಯಾಟರಿ ಶೇಕಡ, ಉಳಿದ ಚಿತ್ರಗಳ ಲೆಕ್ಕ ಎಲ್ಲವೂ ಇರಲಿ. ಸೋನಿಯ 'ಡಿಸ್ಪ್ ಬಟನ್' ಪುಟದಲ್ಲಿ 'ಮಾನಿಟರ್', 'ಫೈಂಡರ್' ಎಂದು ಎರಡು ಬೇರೆ ಪಟ್ಟಿಗಳಿವೆ. ಬೇಡದ್ದರ ಟಿಕ್ ತೆಗೆದರೆ ಗುಂಡಿ ಒತ್ತಿದಾಗ ಅದು ಬರುವುದಿಲ್ಲ. ಲೆವೆಲ್ ಒಂದನ್ನು ಮಾತ್ರ ವ್ಯೂಫೈಂಡರ್‌ಗೂ ಕೊಡಬಹುದು. ಸಕ್ರೆಬೈಲಿನಲ್ಲಿ ಆನೆ ಮೀಯುವಾಗ ಎಲ್ಲರ ಗಮನ ಆನೆಯ ಮೇಲೆ, ಹಿನ್ನೀರಿನ ಅಂಚು ಓರೆಯಾದದ್ದು ಯಾರಿಗೂ ಕಾಣುವುದಿಲ್ಲ.

ತೆಗೆದ ಚಿತ್ರ ತಾನೇ ಮೂಡುವ 'ಆಟೋ ರಿವ್ಯೂ'ವನ್ನು ಹಕ್ಕಿಗೆ ಆಫ್ ಮಾಡಿ. ಇಲ್ಲವಾದರೆ ಹಕ್ಕಿ ಹಾರಿದ ಮೇಲೂ ವ್ಯೂಫೈಂಡರ್‌ನಲ್ಲಿ ಕೂತೇ ಇರುತ್ತದೆ. ನಿಕಾನ್ ಝಡ್‌ನಲ್ಲಿ 'ಆನ್, ಮಾನಿಟರ್ ಮಾತ್ರ' ಎಂಬ ಜಾಣ ಆಯ್ಕೆ ಇದೆ. ಭೂದೃಶ್ಯಕ್ಕೆ 2 ಸೆಕೆಂಡ್ ಇರಲಿ.

ಟಚ್ ವಿಷಯ: ಮಳೆಯಲ್ಲಿ ಪೂರ್ತಿ ಆಫ್. ಒಣ ದಿನಗಳಲ್ಲಿ, ವ್ಯೂಫೈಂಡರ್‌ನಲ್ಲಿ ನೋಡುತ್ತಲೇ ಹೆಬ್ಬೆರಳಿನಿಂದ ಹಿಂಬದಿ ಸ್ಕ್ರೀನ್ ಸವರಿ ಫೋಕಸ್ ಚೌಕ ಸರಿಸುವುದು ಬಹಳ ಚುರುಕಿನ ವಿಧಾನ. ತೊಡಕು ಮೂಗಿನದು. ಬಲಗಣ್ಣು ಇಡುವವರ ಮೂಗು ಸ್ಕ್ರೀನಿನ ಎಡಭಾಗಕ್ಕೆ ತಾಗುತ್ತದೆ, ಆದ್ದರಿಂದ ಟಚ್ ಜಾಗವನ್ನು ಬಲ ಅರ್ಧಕ್ಕೆ ಸೀಮಿತಗೊಳಿಸಿ. ಎಡಗಣ್ಣಿನವರ ಮೂಗು ಬಲಕ್ಕೇ ಬರುವುದರಿಂದ ಬಲಮೇಲಿನ ಮೂಲೆ ಮಾತ್ರ ಇಟ್ಟುಕೊಳ್ಳಬೇಕು, ಅಥವಾ ಜಾಯ್‌ಸ್ಟಿಕ್‌ಗೆ ಹೋಗಬೇಕು. ಸ್ಥಾನ ಗುರುತಿಸುವ ರೀತಿ 'ಆಬ್ಸಲ್ಯೂಟ್' ಬೇಡ, 'ರಿಲೇಟಿವ್' ಇರಲಿ. ಸಣ್ಣ ಜಾಗದಲ್ಲಿ ಸವರಿದರೂ ಚೌಕ ತುದಿಯಿಂದ ತುದಿಗೆ ಹೋಗುತ್ತದೆ.

ನೀರು, ಆವಿ, ಬಿಸಿಲು

ಎಸಿ ಹಾಕಿದ ಕಾರಿನಿಂದ ಆಗುಂಬೆ ಘಾಟಿಯ ಮಂಜಿಗೆ ಇಳಿದರೆ ಲೆನ್ಸ್ ಜೊತೆ ವ್ಯೂಫೈಂಡರ್ ಗಾಜಿಗೂ ಆವಿ ಹಿಡಿಯುತ್ತದೆ, ಪಕ್ಕದ ಸೆನ್ಸರ್‌ಗೂ. ಇಳಿಯುವ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಎಸಿ ನಿಲ್ಲಿಸಿ, ಬ್ಯಾಗಿನ ಜಿಪ್ ಮುಚ್ಚಿಯೇ ಇಡಿ. ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ. ಬಾಯಿಂದ ಊದಿ ಒರೆಸಿದರೆ ಆವಿ ಇನ್ನೂ ಹೆಚ್ಚುತ್ತದೆ. ಮೈಕ್ರೋಫೈಬರ್ ಬಟ್ಟೆ ಎರಡು ಇರಲಿ, ಒಂದು ನೀರಿಗೆ, ಒಂದು ಗಾಜಿಗೆ. ಸೆನ್ಸರ್‌ನ ಪುಟ್ಟ ಕಿಟಕಿ ಒರೆಸಲು ಮರೆಯುವವರೇ ಜಾಸ್ತಿ.

ಬಿಸಿಲಿನ ಅಪಾಯ ಇದಕ್ಕಿಂತ ದೊಡ್ಡದು. ವ್ಯೂಫೈಂಡರ್ ಗಾಜು ಎಂದರೆ ಭೂತಗನ್ನಡಿಯೇ. ಕ್ಯಾಮೆರಾವನ್ನು ಮುಖ ಕೆಳಗಾಗಿ ಜೀಪಿನ ಸೀಟಿನ ಮೇಲೆ ಇಟ್ಟು ಚಹಾಕ್ಕೆ ಹೋದರೆ, ನೇರ ಬಿಸಿಲು ಒಳಗಿನ ಓಎಲ್‌ಇಡಿ ಮೇಲೆ ಒಂದು ಬಿಂದುವಾಗಿ ಕೂಡಿ ಸುಡುತ್ತದೆ. ಬಿದ್ದ ಕಲೆ ಹೋಗುವುದಿಲ್ಲ, ಪರದೆಯನ್ನೇ ಬದಲಿಸಬೇಕು. ಕುತ್ತಿಗೆಗೆ ನೇತುಹಾಕಿಕೊಂಡಾಗಲೂ ಉದ್ದ ಲೆನ್ಸ್‌ನ ಭಾರಕ್ಕೆ ವ್ಯೂಫೈಂಡರ್ ಆಕಾಶ ನೋಡುತ್ತದೆ.

ಕೊನೆಗೆ ಇವನ್ನೆಲ್ಲ ಉಳಿಸಿಕೊಳ್ಳುವ ಬಗೆ. ಡಯಲ್‌ನ ಕಸ್ಟಮ್ ಸ್ಥಾನಗಳಲ್ಲಿ ಶಟರ್, ಫೋಕಸ್ ರೀತಿಯಂಥವು ಉಳಿಯುತ್ತವೆ: ಒಂದನ್ನು ಹಕ್ಕಿಗೆ, ಒಂದನ್ನು ಫ್ಲಾಶ್‌ಗೆ ಇಡಿ. ಸೆಟಪ್ ಮೆನುವಿನ ಹೊಳಪು, ಬಣ್ಣದಂಥವು ಸಾಮಾನ್ಯವಾಗಿ ಅಲ್ಲಿ ಉಳಿಯುವುದಿಲ್ಲ. ಅವನ್ನು 'ಮೈ ಮೆನು'ವಿನ ಮೊದಲ ಪುಟಕ್ಕೆ ಈ ಕ್ರಮದಲ್ಲಿ ತನ್ನಿ: ಟಚ್ ಆನ್-ಆಫ್, ಹಿಂಬದಿ ಹೊಳಪು, ಪರದೆ ಬದಲಾವಣೆ, ಆಟೋ ರಿವ್ಯೂ. ಟಚ್ ಮೊದಲು ಯಾಕೆಂದರೆ, ಮಳೆ ಶುರುವಾದ ಮೇಲೆ ಗುಂಡಿಗಳಿಂದ ತಲುಪಬೇಕಾದ್ದು ಅದೊಂದೇ.